ತಟ್ಟೆಯ ಲೆಕ್ಕ, ಮಣಿಕಟ್ಟಿನ ಲೆಕ್ಕ

ಲಾಲ್‌ಬಾಗಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿದವರು ಗೇಟಿನ ಬಳಿ ನಿಂತು ಮೊದಲು ನೋಡುವುದು ಮಣಿಕಟ್ಟನ್ನು, ಆಮೇಲೆ ಮೊಬೈಲನ್ನು. ವಾಚು 280 ಕ್ಯಾಲೊರಿ ಕರಗಿತು ಎಂದಿರುತ್ತದೆ. ಊಟದ ಲೆಕ್ಕ ಇಡುವ ಆ್ಯಪ್ ಅದನ್ನು ಆಗಲೇ ಕೇಳಿಸಿಕೊಂಡು, 'ಇವತ್ತಿನ ಪಾಲು 1,500' ಎಂದಿದ್ದದ್ದನ್ನು 1,780ಕ್ಕೆ ಏರಿಸಿರುತ್ತದೆ. ಎದುರಿಗೇ ದರ್ಶಿನಿ. ಹೊಸದಾಗಿ ಜಮೆಯಾದ ಆ 280ನ್ನು ಅಲ್ಲಿ ಖರ್ಚು ಮಾಡಬಹುದೇ?

ಪ್ರಶ್ನೆ ಸಣ್ಣದು. ಉತ್ತರ ಹೇಳಹೊರಟವರು ಮಾತ್ರ ಬಹಳ: ಆಹಾರತಜ್ಞರು, ಶರೀರವಿಜ್ಞಾನಿಗಳು, ಎಂಜಿನಿಯರುಗಳು, ಮನೋವಿಜ್ಞಾನಿಗಳು, ಕೊನೆಗೆ ಮಾನವಶಾಸ್ತ್ರಜ್ಞರೂ. ಒಬ್ಬರದು ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ. ತಿಂದದ್ದನ್ನು ಬರೆದಿಡುವ ಆ್ಯಪಿಗೂ ನಡೆದದ್ದನ್ನು ಎಣಿಸುವ ವಾಚಿಗೂ ಗಂಟು ಹಾಕಿದರೆ ತೂಕ ಇಳಿಯುತ್ತದೆಯೇ? ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ವಾಸಿಯೇ? ಅಥವಾ ಎರಡನ್ನೂ ಬಿಚ್ಚಿಟ್ಟು ನೆಮ್ಮದಿಯಾಗಿ ನಡೆಯುವುದೇ ಸರಿಯೇ? 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿ ದಾಟಿದೆ. ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆ. ಹಾಗಾಗಿ ಇದು ಉಳ್ಳವರ ಆಟಿಕೆಯ ವಿಚಾರವಾಗಿ ಉಳಿದಿಲ್ಲ.

ಪಡುವಾದ ಕುರ್ಚಿ, ಟೋಕಿಯೊದ ಡಬ್ಬಿ

ತನ್ನ ಮೈಯ ಜಮಾ-ಖರ್ಚನ್ನು ತಾನೇ ಬರೆದಿಡುವ ಹುಚ್ಚು ಮೊಬೈಲಿನಿಂದ ಶುರುವಾದದ್ದಲ್ಲ. ಇಟಲಿಯ ಪಡುವಾದಲ್ಲಿದ್ದ ವೈದ್ಯ ಸ್ಯಾಂಟೋರಿಯೊ ಸ್ಯಾಂಟೋರಿಯೊ ದೊಡ್ಡ ತಕ್ಕಡಿಗೆ ಕುರ್ಚಿಯೊಂದನ್ನು ತೂಗುಹಾಕಿ, ಅದರಲ್ಲೇ ಕೂತು ಉಣ್ಣುತ್ತಿದ್ದ. ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿ, 1614ರಲ್ಲಿ ಪುಸ್ತಕವನ್ನೇ ಬರೆದ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಬಹಳ ಕಡಿಮೆ, ಉಳಿದದ್ದು ಕಣ್ಣಿಗೆ ಕಾಣದೆ ಆವಿಯಾಗುತ್ತದೆ ಎಂಬುದು ಅವನು ಕಂಡುಕೊಂಡದ್ದು. ಈ 'ಕಾಣದ ಖರ್ಚ'ನ್ನು ಹೇಗೆ ಅಳೆಯುವುದು ಎಂಬ ತಲೆನೋವು ನಾಲ್ಕು ಶತಮಾನದ ನಂತರವೂ ಹಾಗೇ ಇದೆ.

ಆಹಾರದ ಕಡೆಯ ಲೆಕ್ಕ ಗಟ್ಟಿಯಾದದ್ದು 1890ರ ದಶಕದಲ್ಲಿ. ಅಮೆರಿಕದ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆ್ಯಟ್‌ವಾಟರ್ ಮನುಷ್ಯರನ್ನು ದಿನಗಟ್ಟಲೆ ಒಂದು ಕೋಣೆಯೊಳಗೆ ಇರಿಸಿ, ಅವರ ಮೈ ಹೊರಸೂಸುವ ಶಾಖವನ್ನು ಅಳೆದರು. ಒಂದು ಗ್ರಾಂ ಪ್ರೋಟೀನಿಗೆ 4, ಪಿಷ್ಟಕ್ಕೆ 4, ಕೊಬ್ಬಿಗೆ 9 ಕ್ಯಾಲೊರಿ ಎಂದು ಬಿಸ್ಕತ್ತಿನ ಪೊಟ್ಟಣದ ಹಿಂದೆ ಇವತ್ತು ಅಚ್ಚಾಗುವ ಸಂಖ್ಯೆಗಳ ಬೇರು ಅಲ್ಲಿದೆ. ಲಾಸ್ ಏಂಜಲೀಸ್‌ನ ವೈದ್ಯೆ ಲುಲು ಹಂಟ್ ಪೀಟರ್ಸ್ 1918ರಲ್ಲಿ ತಮ್ಮ ಪುಸ್ತಕದ ಮೂಲಕ ಈ ಎಣಿಕೆಯನ್ನು ಪ್ರಯೋಗಶಾಲೆಯಿಂದ ಮನೆಯ ಊಟದ ಮೇಜಿಗೆ ತಂದರು. 1958ರಲ್ಲಿ ಮ್ಯಾಕ್ಸ್ ವಿಶ್ನಾಫ್‌ಸ್ಕಿ ಎಂಬ ವೈದ್ಯರು ಒಂದು ಪೌಂಡ್ ತೂಕ ಇಳಿಯಲು 3,500 ಕ್ಯಾಲೊರಿ ಕೊರತೆ ಬೇಕು ಎಂದು ಲೆಕ್ಕ ಹಾಕಿದರು, ಕೆ.ಜಿ.ಗೆ ಹೆಚ್ಚುಕಡಿಮೆ 7,700. ಎಷ್ಟೋ ಆ್ಯಪ್‌ಗಳು 'ಇಷ್ಟು ವಾರದಲ್ಲಿ ಇಷ್ಟು ಇಳಿಯುತ್ತೀರಿ' ಎಂದು ಆಸೆ ಹುಟ್ಟಿಸುವುದು ಇದೇ ಭಾಗಾಕಾರದಿಂದ.

ಹೆಜ್ಜೆಯ ಕಡೆಗೆ ಬಂದರೆ, 1964ರ ಟೋಕಿಯೊ ಒಲಿಂಪಿಕ್ಸ್‌ನ ಹುರುಪು ಆರುವ ಮುಂಚೆ, 1965ರಲ್ಲಿ, ಯಮಾಸಾ ಎಂಬ ಜಪಾನಿ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಡಬ್ಬಿಯೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ಮಾನ್ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹತ್ತು ಸಾವಿರ ಎಂಬುದು ಮಾರಾಟಕ್ಕೆ ಒಗ್ಗುವ ದುಂಡು ಸಂಖ್ಯೆ. ವೈದ್ಯರು ಪ್ರಯೋಗ ಮಾಡಿ ತಲುಪಿದ್ದೇನಲ್ಲ. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ವಯಸ್ಸಾದ ಮಹಿಳೆಯರನ್ನು ಗಮನಿಸಿ, ದಿನಕ್ಕೆ 4,400 ಹೆಜ್ಜೆಗೇ ಸಾವಿನ ಅಪಾಯ ಕಡಿಮೆಯಾಗುವುದನ್ನೂ, 7,500ರ ಆಸುಪಾಸಿನಲ್ಲಿ ಆ ಲಾಭ ಸಮತಟ್ಟಾಗುವುದನ್ನೂ ತೋರಿಸಿದರು. ವಾಚುಗಳು ಇವತ್ತಿಗೂ ಹತ್ತು ಸಾವಿರಕ್ಕೇ ಪಟಾಕಿ ಹಾರಿಸುತ್ತವೆ.

ನಮ್ಮಲ್ಲಿ ಕ್ಯಾಲೊರಿ ಕಾಲಿಟ್ಟದ್ದು ಬೇರೆ ಬಾಗಿಲಿನಿಂದ. ಅರ್ಥಶಾಸ್ತ್ರಜ್ಞರಾದ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ದಿನಕ್ಕೆ 2,250 ಕ್ಯಾಲೊರಿ ಸಿಗದವರನ್ನು ಬಡವರೆಂದು ಎಣಿಸಿದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಎಂದು ಗೆರೆ ಎಳೆಯಿತು. ದಶಕಗಳ ಕಾಲ ಈ ದೇಶದಲ್ಲಿ ಕ್ಯಾಲೊರಿ ಎಂದರೆ ಹಸಿವಿನ ಅಳತೆ. 2011ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಯುವಕರು ಬಾಡಿಗೆ ಬಿಟ್ಟು ಸರಾಸರಿ ಭಾರತೀಯನ ಕೈಗೆ ಉಳಿಯುವ ದಿನಕ್ಕೆ 100 ರೂಪಾಯಿಯಲ್ಲಿ, ಆಮೇಲೆ ಬಡತನ ರೇಖೆಯಷ್ಟೇ ಹಣದಲ್ಲಿ ಬದುಕಿ ನೋಡಿದರು. ಆ ಇಬ್ಬರಲ್ಲಿ ಒಬ್ಬರಾದ ತುಷಾರ್ ವಶಿಷ್ಠ್ 2012ರಲ್ಲಿ ಅದೇ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ ಹೆಲ್ದಿಫೈಮಿ. ಕೊರತೆ ಎಣಿಸುತ್ತಿದ್ದ ಅಳತೆಗೋಲು ಹೆಚ್ಚಳ ಎಣಿಸಲು ತಿರುಗಿದ್ದು ಇಷ್ಟು ಬೇಗ.

ಅಮೆರಿಕದಲ್ಲಿ ಮೈಫಿಟ್ನೆಸ್‌ಪಾಲ್ 2005ರಲ್ಲೂ ಫಿಟ್‌ಬಿಟ್ 2007ರಲ್ಲೂ ಹುಟ್ಟಿದ್ದವು. 2014ರಲ್ಲಿ ಆ್ಯಪಲ್ ತನ್ನ ಫೋನಿನಲ್ಲಿ ಆರೋಗ್ಯದ ಮಾಹಿತಿಗೆಲ್ಲ ಒಂದೇ ಕಣಜ ಮಾಡಿತು. ಅದೇ ವರ್ಷ ಶವೋಮಿಯ ಅಗ್ಗದ ಬ್ಯಾಂಡ್ ಬಂತು. ತಟ್ಟೆಯ ಲೆಕ್ಕವೂ ಮಣಿಕಟ್ಟಿನ ಲೆಕ್ಕವೂ ಒಂದೇ ಪರದೆಯ ಮೇಲೆ ಸೇರಿಕೊಂಡವು.

ಎರಡು ಯಂತ್ರ ಮಾತಾಡಿಕೊಳ್ಳುವ ಬಗೆ

ವಾಚಿಗೆ ಕ್ಯಾಲೊರಿ ಕಾಣುವುದಿಲ್ಲ. ಅದಕ್ಕೆ ಮುಖ್ಯವಾಗಿ ಗೊತ್ತಾಗುವುದು ಎರಡು: ಕೈ ಎಷ್ಟು ಅಲ್ಲಾಡಿತು, ಮತ್ತು ಚರ್ಮದೊಳಕ್ಕೆ ಬಿಟ್ಟ ಹಸಿರು ಬೆಳಕು ರಕ್ತದ ಏರಿಳಿತಕ್ಕೆ ತಕ್ಕಂತೆ ಎಷ್ಟು ಮರಳಿತು. ಮೊದಲನೆಯದರಿಂದ ಹೆಜ್ಜೆ, ಎರಡನೆಯದರಿಂದ ಹೃದಯಬಡಿತ. ನೀವು ತುಂಬಿದ ವಯಸ್ಸು, ತೂಕ, ಎತ್ತರಗಳನ್ನು ಇವುಗಳ ಜೊತೆ ಬೆರೆಸಿ, ಕಂಪನಿ ಗುಟ್ಟಾಗಿಟ್ಟ ಸೂತ್ರವೊಂದು ಕ್ಯಾಲೊರಿಯನ್ನು ಊಹಿಸುತ್ತದೆ. ಆದ್ದರಿಂದಲೇ ಗುಂಡಿಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೂ ಒಮ್ಮೊಮ್ಮೆ ಹೆಜ್ಜೆ ಬೀಳುತ್ತದೆ, ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಸೈಕಲ್ ತುಳಿದರೆ ಬೀಳುವುದಿಲ್ಲ. ಕೋಲು ಹಿಡಿದು ಮುದ್ದೆ ತಿರುವಿದರೆ ವಾಚಿಗೆ ಅದು ನಡಿಗೆಯಂತೆ ಕಂಡೀತು. ಪಾತ್ರೆ ಉಜ್ಜುವಾಗ, ಬಟ್ಟೆ ಒಗೆಯುವಾಗ ವಾಚನ್ನೇ ಬಿಚ್ಚಿಡುವುದರಿಂದ ಆ ದುಡಿಮೆ ಲೆಕ್ಕಕ್ಕೇ ಬಾರದು. ಮನೆಗೆಲಸದ ಹೆಣ್ಣುಮಕ್ಕಳ ದಿನದ ಅರ್ಧ ಶ್ರಮ ಈ ಯಂತ್ರಗಳ ಕಣ್ಣಿಗೆ ಬೀಳದಿರುವುದನ್ನು ಯಾರೂ ದೊಡ್ಡದಾಗಿ ಬರೆದಂತಿಲ್ಲ.

ಈಗ ಆ 280ನ್ನು ಬಿಡಿಸಿ ನೋಡೋಣ. ಸುಮ್ಮನೆ ಕೂತ ಮನುಷ್ಯ ಗಂಟೆಗೆ ಪ್ರತಿ ಕೆ.ಜಿ. ಮೈತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಸುಡುತ್ತಾನೆ. ಇದನ್ನು ಒಂದು ಮೆಟ್ ಎನ್ನುತ್ತಾರೆ. ಗಂಟೆಗೆ 5 ಕಿ.ಮೀ. ವೇಗದ ನಡಿಗೆ ಸುಮಾರು ಮೂರೂವರೆ ಮೆಟ್. 80 ಕೆ.ಜಿ. ತೂಗುವವರು ಒಂದು ಗಂಟೆ ನಡೆದರೆ 280. ಆದರೆ ಅವರು ಆ ಗಂಟೆ ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದರೂ 80 ಖರ್ಚಾಗುತ್ತಿತ್ತು, ಮತ್ತು ಆ 80 ಆ್ಯಪ್ ಕೊಟ್ಟ 1,500ರ ಲೆಕ್ಕದಲ್ಲಿ ಮೊದಲೇ ಸೇರಿದೆ. ನಡಿಗೆಯಿಂದ ನಿಜವಾಗಿ ಬಂದ ಹೆಚ್ಚುವರಿ 200 ಮಾತ್ರ. ವಾಚು 'ಚಟುವಟಿಕೆಯದು' ಮಾತ್ರ ಕಳಿಸದೆ 'ಒಟ್ಟು' ಕಳಿಸಿದರೆ, ಒಂದೇ ಖರ್ಚು ಎರಡು ಸಲ ಬರೆದಂತಾಗುತ್ತದೆ. ಆ್ಯಪ್ ಶುರುಮಾಡುವಾಗ 'ನನ್ನದು ಓಡಾಟದ ಕೆಲಸ' ಎಂದು ಬೇರೆ ಒತ್ತಿದ್ದರೆ ಮೂರನೆಯ ಸಲವೂ.

ಇದನ್ನು ತಪ್ಪಿಸಲು ಕೆಲವು ಆ್ಯಪ್‌ಗಳು ಒಂದು ಉಪಾಯ ಮಾಡಿವೆ. ಇಡೀ ದಿನಕ್ಕೆ ತಾನು ಹಾಕಿದ ಅಂದಾಜನ್ನೂ ವಾಚು ಹಾಕಿದ ಅಂದಾಜನ್ನೂ ಹೋಲಿಸಿ, ವ್ಯತ್ಯಾಸವನ್ನಷ್ಟೇ ಕೂಡಿಸುವುದು. ಮೈಫಿಟ್ನೆಸ್‌ಪಾಲ್ ಮಾಡುವುದು ಇದನ್ನೇ. ತರ್ಕ ಸರಿಯಾಗಿದೆ. ಬಳಸುವವರಿಗೆ ಮಾತ್ರ ಪಜೀತಿ: ಬೆಳಿಗ್ಗೆ ಕಂಡ ಬೋನಸ್, ಮಧ್ಯಾಹ್ನವೆಲ್ಲ ಕುರ್ಚಿಯಲ್ಲಿ ಕಳೆದರೆ ಸಂಜೆಗೆ ಕರಗಿರುತ್ತದೆ, ಅದನ್ನು ನಂಬಿ ತಿಂದ ಮಸಾಲೆ ದೋಸೆ ಕರಗಿರುವುದಿಲ್ಲ. ದಿನ ತೀರಾ ಜಡವಾಗಿದ್ದರೆ ಪಾಲಿನಲ್ಲಿ ಕಡಿತವೂ ಆಗಬೇಕು. ಆ 'ಮೈನಸ್' ಸೆಟ್ಟಿಂಗನ್ನು ಬಳಕೆದಾರರು ತಾವೇ ಹುಡುಕಿ ಆನ್ ಮಾಡಿಕೊಳ್ಳಬೇಕು.

ಬರೆದಿಟ್ಟವನೇ ಗೆದ್ದ ಎನ್ನುವವರು

ಮೊದಲನೆಯ ಪಂಥದ ವಾದ ಸರಳ. ಸಂಖ್ಯೆ ನಿಖರವಾಗಿರಬೇಕಿಲ್ಲ, ಗಮನ ಇದ್ದರೆ ಸಾಕು. ಸಂಜೆ ಕಾಫಿಯ ಜೊತೆ ಬಾಯಿಗೆ ಹಾಕಿಕೊಂಡ ಚಕ್ಕುಲಿಯನ್ನು ಬರೆಯಬೇಕು ಎಂದು ನೆನಪಾದಾಗ ಕೈ ತಾನಾಗಿ ಹಿಂದೆ ಸರಿಯುತ್ತದೆ. ಇವರ ಬಳಿ ಪುರಾವೆ ದಂಡಿಯಾಗಿದೆ. 2008ರಲ್ಲಿ ಸುಮಾರು 1,700 ಅಮೆರಿಕನ್ನರ ಅಧ್ಯಯನದಲ್ಲಿ, ವಾರಕ್ಕೆ ಆರು ದಿನವಾದರೂ ಊಟದ ಡೈರಿ ಬರೆದವರು ಬರೆಯದವರಿಗಿಂತ ಸುಮಾರು ಎರಡರಷ್ಟು ತೂಕ ಇಳಿಸಿದ್ದರು. ಹೆಜ್ಜೆ ಎಣಿಸುವ ಡಬ್ಬಿ ಧರಿಸಿದವರು ದಿನಕ್ಕೆ ಸುಮಾರು 2,500 ಹೆಜ್ಜೆ ಹೆಚ್ಚು ನಡೆದರೆಂದು 2007ರ ಒಂದು ವಿಮರ್ಶಾತ್ಮಕ ಸಂಗ್ರಹ ಹೇಳಿತು. ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು 2022ರಲ್ಲಿ ಇಂಥ ಹತ್ತಾರು ವಿಮರ್ಶೆಗಳನ್ನೆಲ್ಲ ಸೋಸಿ ಕೊಟ್ಟ ಸಾರ: ದಿನಕ್ಕೆ 1,800ರಷ್ಟು ಹೆಚ್ಚು ಹೆಜ್ಜೆ, 40 ನಿಮಿಷ ಹೆಚ್ಚು ನಡಿಗೆ, ತೂಕದಲ್ಲಿ ಸುಮಾರು ಒಂದು ಕೆ.ಜಿ. ಇಳಿಕೆ. ನಡಿಗೆ ಅಷ್ಟೊಂದು, ತೂಕ ಇಷ್ಟೇ ಇಷ್ಟು. ಈ ಅಸಮತೋಲನವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇವರಿಗೆ ದೊಡ್ಡ ಪೆಟ್ಟು ಬಿದ್ದದ್ದು 2016ರಲ್ಲಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜಾನ್ ಜಾಕಿಸಿಕ್ 18ರಿಂದ 35 ವಯಸ್ಸಿನ 471 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿದರು. ಮೊದಲ ಆರು ತಿಂಗಳು ಎಲ್ಲರಿಗೂ ಒಂದೇ ಪಥ್ಯ, ಒಂದೇ ಸಲಹೆ. ಆಮೇಲೆ ಅರ್ಧ ಜನ ತಾವೇ ವೆಬ್‌ಸೈಟಿನಲ್ಲಿ ಊಟ-ವ್ಯಾಯಾಮ ಬರೆಯುತ್ತ ಹೋದರು. ಉಳಿದರ್ಧಕ್ಕೆ ತೋಳಿಗೆ ಕಟ್ಟುವ ಸಾಧನ ಕೊಟ್ಟು, ಅದನ್ನೂ ಊಟದ ಲೆಕ್ಕವನ್ನೂ ಒಂದೇ ಜಾಲತಾಣಕ್ಕೆ ಜೋಡಿಸಲಾಯಿತು. ಅಂದರೆ ನಮ್ಮ ಪ್ರಶ್ನೆಯನ್ನೇ ಪರೀಕ್ಷೆಗೆ ಇಟ್ಟ ಹಾಗೆ. ಸಾಧನವಿಲ್ಲದವರು ಸರಾಸರಿ 5.9 ಕೆ.ಜಿ. ಇಳಿದಿದ್ದರು, ಸಾಧನ ಕಟ್ಟಿದವರು 3.5. ಅದೇ ವರ್ಷ ಸಿಂಗಪುರದಲ್ಲಿ 800 ನೌಕರರ ಮೇಲೆ ನಡೆದ ಪ್ರಯೋಗದಲ್ಲಿ ಫಿಟ್‌ಬಿಟ್ ಕಟ್ಟಿದವರು ಹೆಚ್ಚು ಓಡಾಡಿದರೇನೋ ನಿಜ, ಒಂದು ವರ್ಷದ ಕೊನೆಗೆ ತೂಕದಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಅದಕ್ಕೆ ಮುಂಚೆ, 2014ರಲ್ಲಿ, ಕ್ಲಿನಿಕ್ಕಿಗೆ ಬಂದ 212 ರೋಗಿಗಳಲ್ಲಿ ಕೆಲವರಿಗೆ ಊಟದ ಆ್ಯಪ್ ಹಾಕಿಕೊಟ್ಟು ನೋಡಿದಾಗಲೂ ಆರು ತಿಂಗಳ ನಂತರ ವ್ಯತ್ಯಾಸ ಸಿಗಲಿಲ್ಲ. ಮೊದಲ ತಿಂಗಳು ಕಳೆಯುತ್ತಿದ್ದಂತೆ ಹೆಚ್ಚಿನವರು ಆ್ಯಪ್ ತೆರೆಯುವುದನ್ನೇ ಬಿಟ್ಟಿದ್ದರು.

ಪಂಥದವರು ಸುಮ್ಮನಾಗಲಿಲ್ಲ. ಜಾಕಿಸಿಕ್ ಬಳಸಿದ ಸಾಧನ ಹಳೆಯದು, ಮಂದಿಗೆ ಆರು ತಿಂಗಳ ನಂತರ ಕೊಟ್ಟದ್ದು, ಕೈಬಿಟ್ಟವರಿಗೆ ಆ್ಯಪ್ ಹೇಗೆ ಫಲ ಕೊಟ್ಟೀತು ಎಂಬುದು ಅವರ ಮರುಪ್ರಶ್ನೆ. ಬಿಡದೆ ಬರೆದವರು ಇಳಿಯುತ್ತಾರೆ ಎಂಬುದು ಸರಿ. ಆದರೆ ಇಳಿಯುತ್ತಿರುವುದರಿಂದಲೇ ಅವರು ಬಿಡದೆ ಬರೆಯುತ್ತಿರಬಹುದಲ್ಲ?

ಅಳತೆಯೇ ಸರಿಯಿಲ್ಲ ಎನ್ನುವವರು

2017ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡ ಏಳು ಬಗೆಯ ವಾಚು-ಬ್ಯಾಂಡ್‌ಗಳನ್ನು 60 ಮಂದಿಗೆ ಕಟ್ಟಿ, ಟ್ರೆಡ್‌ಮಿಲ್ ಮೇಲೆ ನಡೆಸಿ, ಸೈಕಲ್ ತುಳಿಸಿ, ಉಸಿರಿನ ಅನಿಲ ಅಳೆದು ಹೋಲಿಸಿತು. ಹೃದಯಬಡಿತದಲ್ಲಿ ಏಳರಲ್ಲಿ ಆರು ಸಾಧನಗಳ ತಪ್ಪು ಶೇ 5ರೊಳಗೇ ಇತ್ತು. ಕ್ಯಾಲೊರಿಯಲ್ಲಿ ಅತ್ಯಂತ ಒಳ್ಳೆಯದು ಸರಾಸರಿ ಶೇ 27 ತಪ್ಪಿತು, ಅತ್ಯಂತ ಕೆಟ್ಟದ್ದು ಶೇ 93. ಒಂದೇ ಪರದೆಯಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ ಕಾಣುವ ಎರಡು ಸಂಖ್ಯೆಗಳಿಗೆ ಇಷ್ಟು ಅಂತರ.

ತಟ್ಟೆಯ ಕಡೆ ಪರಿಸ್ಥಿತಿ ಇನ್ನೂ ಕಷ್ಟ. 'ಎಷ್ಟು ಪಥ್ಯ ಮಾಡಿದರೂ ಇಳಿಯುವುದಿಲ್ಲ' ಎನ್ನುತ್ತಿದ್ದವರನ್ನು 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಪರೀಕ್ಷಿಸಿದಾಗ, ಅವರು ತಿಂದದ್ದನ್ನು ಶೇ 47ರಷ್ಟು ಕಡಿಮೆ ಬರೆದಿದ್ದರು, ವ್ಯಾಯಾಮವನ್ನು ಶೇ 51ರಷ್ಟು ಹೆಚ್ಚು. ಸುಳ್ಳು ಹೇಳಬೇಕೆಂದಲ್ಲ, ಮನುಷ್ಯನ ನೆನಪು ಇರುವುದೇ ಹಾಗೆ. ಪ್ರಾಮಾಣಿಕವಾಗಿ ಬರೆದರೂ ಆ್ಯಟ್‌ವಾಟರ್ ಸಂಖ್ಯೆಗಳು ಎಲ್ಲ ಆಹಾರಕ್ಕೂ ಒಗ್ಗುವುದಿಲ್ಲ. ಒಂದು ಹಿಡಿ ಬಾದಾಮಿಯ ಮೇಲೆ 170 ಕ್ಯಾಲೊರಿ ಎಂದಿರುತ್ತದೆ. ಅಮೆರಿಕದ ಕೃಷಿ ಇಲಾಖೆಯವರು 2012ರಲ್ಲಿ ಅಳೆದಾಗ ಮೈಗೆ ದಕ್ಕಿದ್ದು 129.

ಇನ್ನು ನಮ್ಮ ಅಡುಗೆಮನೆ. ಆ್ಯಪಿನಲ್ಲಿ 'ಬಿಸಿಬೇಳೆ ಬಾತ್' ಎಂದು ಹುಡುಕಿದರೆ ಹಲವು ನಮೂನೆ ಬರುತ್ತದೆ, ಒಂದರ ಸಂಖ್ಯೆ ಇನ್ನೊಂದಕ್ಕೆ ತಾಳೆಯಾಗದು. ತಾಳೆಯಾಗುವುದಾದರೂ ಹೇಗೆ? ಒಬ್ಬರ ಮನೆಯಲ್ಲಿ ಬೇಳೆ ಮುಂದು, ಇನ್ನೊಬ್ಬರಲ್ಲಿ ಅಕ್ಕಿ. ಮೇಲೆ ಹಾಕುವ ತುಪ್ಪ ಬಡಿಸುವವರ ಪ್ರೀತಿಗೆ ಬಿಟ್ಟದ್ದು. 'ಒಂದು ಮುದ್ದೆ' ಎಂದು ಬರೆಯಲು ಹೋಗಿ: ಮಂಡ್ಯದ ಹೋಟೆಲಿನ ಮುದ್ದೆಯೇ, ಮನೆಯಲ್ಲಿ ಮಕ್ಕಳಿಗೆ ಕಟ್ಟುವ ಮುದ್ದೆಯೇ? ನೂರು ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ ಎಂಬುದು ಗಟ್ಟಿ ಲೆಕ್ಕ, ಆದರೆ ಅದು ಎಷ್ಟು ನೀರು ಕುಡಿದು ಎಷ್ಟು ದೊಡ್ಡ ಉಂಡೆಯಾಯಿತು ಎಂಬುದು ಎಸರು ಇಟ್ಟವರಿಗೇ ಗೊತ್ತು. ಬಂಗಾರದಂಗಡಿಯ ತಕ್ಕಡಿ ತಂದಿಟ್ಟರೂ, ಐದು ಜನಕ್ಕೆ ಒಂದೇ ಪಾತ್ರೆಯಲ್ಲಿ ಮಾಡಿದ ಹುಳಿಯಲ್ಲಿ ಒಬ್ಬರ ಪಾಲಿಗೆ ಎಷ್ಟು ಒಗ್ಗರಣೆ ಬಂತೆಂದು ಹೇಳಲಾಗದು. ಒಂದು ಟೇಬಲ್ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ, ಮೇಲೆ ಹೇಳಿದ 80 ಕೆ.ಜಿ.ಯವರ ಅರ್ಧ ಗಂಟೆಗೂ ಮೀರಿದ ನಡಿಗೆಯ ನಿಜವಾದ ಗಳಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ 528 ಆಹಾರಗಳ ವಿಶ್ಲೇಷಣೆ ಇದೆ, ಅಪರೂಪದ ಕೆಲಸ. ಆದರೆ ಅದು ಮುಖ್ಯವಾಗಿ ಹಸಿ ಪದಾರ್ಥಗಳದ್ದು; ಒಲೆಯ ಮೇಲೆ ಆಗುವುದರ ಲೆಕ್ಕ ನಮಗೇ ಬಿಟ್ಟದ್ದು.

ಈ ಪಂಥದ ನಿಜವಾದ ಬಾಣ ಇರುವುದು ಕಳೆಯುವ ಲೆಕ್ಕದಲ್ಲಿ. ತಿಂದದ್ದು 2,000, ಖರ್ಚಾದದ್ದು 2,300 ಎಂದುಕೊಳ್ಳಿ. ಎರಡರಲ್ಲೂ ಶೇ 20 ಹೆಚ್ಚುಕಡಿಮೆ. ಅಂದರೆ ಒಂದರಲ್ಲಿ 400, ಇನ್ನೊಂದರಲ್ಲಿ 460 ಅತ್ತಿತ್ತ. ನಮಗೆ ಬೇಕಿರುವ ಉತ್ತರ 300. ಡ್ರೈವರನ ತೂಕ ತಿಳಿಯಲು ಲಾರಿಯನ್ನು ಅವನು ಕೂತಾಗ ಒಮ್ಮೆ, ಇಳಿದಾಗ ಒಮ್ಮೆ ವೇಬ್ರಿಡ್ಜ್ ಮೇಲೆ ತೂಗಿದ ಹಾಗೆ. ವಾಚಿನ ಸಂಖ್ಯೆಯನ್ನು ವಾಚಿನ ನಿನ್ನೆಯ ಸಂಖ್ಯೆಗೆ ಹೋಲಿಸಿದರೆ ಅರ್ಥವಿದೆ, ತಟ್ಟೆಯದನ್ನು ತಟ್ಟೆಯ ನಿನ್ನೆಗೆ ಹೋಲಿಸಿದರೂ ಇದೆ. ಒಂದರಿಂದ ಇನ್ನೊಂದನ್ನು ಕಳೆದು 'ಉಳಿದದ್ದು ಇಷ್ಟು' ಎಂದು ತೋರಿಸುವ ಸಂಖ್ಯೆಯೇ ಎಲ್ಲಕ್ಕಿಂತ ದುರ್ಬಲ. ದುರದೃಷ್ಟಕ್ಕೆ ಆ್ಯಪ್‌ಗಳು ಅತಿ ದೊಡ್ಡ ಅಕ್ಷರದಲ್ಲಿ ತೋರಿಸುವುದು ಅದನ್ನೇ. ಈ ವಾದ ನನಗೆ ಪೂರ್ತಿ ಒಪ್ಪಿಗೆ. ಇಷ್ಟು ವರ್ಷಗಳಲ್ಲಿ ಇದಕ್ಕೆ ಸಮರ್ಪಕ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ಇದಕ್ಕೊಂದು ಭಾರತೀಯ ಉಪಕಥೆಯೂ ಇದೆ. ಹಲವು ಆ್ಯಪ್‌ಗಳು ಆರಂಭದ ಅಂದಾಜಿಗೆ ಬಳಸುವ ಮಿಫ್ಲಿನ್ ಸೂತ್ರ ಹುಟ್ಟಿದ್ದು ಅಮೆರಿಕದ ನೆವಾಡಾದಲ್ಲಿ 498 ಮಂದಿಯನ್ನು ಅಳೆದು, 1990ರಲ್ಲಿ. ಪಾಶ್ಚಾತ್ಯ ಸೂತ್ರಗಳು ಭಾರತೀಯರ ವಿಶ್ರಾಂತ ಖರ್ಚನ್ನು ಹೆಚ್ಚಾಗಿ ತೋರಿಸುತ್ತವೆಯೇ ಎಂಬ ಪ್ರಶ್ನೆಯ ಮೇಲೆ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಪಿ.ಎಸ್. ಶೆಟ್ಟಿ, ಅನುರಾ ಕುರ್ಪಾಡ್ ಮೊದಲಾದವರು ದಶಕಗಳ ಕೆಲಸ ಮಾಡಿದ್ದಾರೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತೋರಿಸಿದಂತೆ, ಅದೇ ಎತ್ತರ-ತೂಕದ ಯುರೋಪಿಯನ್ನರಿಗಿಂತ ನಮ್ಮ ಮೈಯಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಸ್ನಾಯು ಕಡಿಮೆಯಿದ್ದರೆ ಸುಡುವುದೂ ಕಡಿಮೆ. ಕೂತು ಕೆಲಸ ಮಾಡುವ ಗಂಡಸಿಗೆ 2010ರಲ್ಲಿ 2,320 ಕ್ಯಾಲೊರಿ ಬೇಕೆಂದಿದ್ದ ಐಸಿಎಂಆರ್, 2020ರಲ್ಲಿ ಅದನ್ನು 2,110ಕ್ಕೆ ಇಳಿಸಿತು. ಹೆಂಗಸರಿಗೆ 1,900 ಇದ್ದದ್ದು 1,660 ಆಯಿತು. ಆ್ಯಪ್ ಹಳೆಯ ಸೂತ್ರಕ್ಕೇ ಅಂಟಿಕೊಂಡಿದ್ದರೆ, ವಾಚು ಮಾತಾಡುವ ಮೊದಲೇ ನೂರು-ಇನ್ನೂರು ಕ್ಯಾಲೊರಿ ಅಂದಾಜು ತಪ್ಪಿರುವ ಸಾಧ್ಯತೆ ಇದೆ.

ದೇಹವೇ ಲೆಕ್ಕ ತಿದ್ದುತ್ತದೆ ಎನ್ನುವವರು

ಯಂತ್ರ ನಿಖರವಾಗಿದ್ದರೂ ಕೂಡುವ ಲೆಕ್ಕ ಸರಿಹೋಗದು ಎಂಬುದು ಮೂರನೆಯವರ ಮಾತು. ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ತಾಂಜಾನಿಯಾದ ಹಡ್ಜಾ ಬೇಟೆಗಾರರ ನಡುವೆ ಹೋಗಿ, ಭಾರವಾದ ಪರಮಾಣುಗಳಿಂದ ಗುರುತಿಟ್ಟ ನೀರು ಕುಡಿಸಿ ಅಳೆದರು. ದೈನಂದಿನ ಬದುಕಿನಲ್ಲಿ ಒಟ್ಟು ಖರ್ಚು ಅಳೆಯಲು ಇದಕ್ಕಿಂತ ನಂಬಿಕಸ್ಥ ವಿಧಾನವಿಲ್ಲ. ದಿನವೂ ಮೈಲಿಗಟ್ಟಲೆ ನಡೆಯುವ ಹಡ್ಜಾಗಳ ಒಟ್ಟು ಖರ್ಚು, ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದರೆ, ಪಾಶ್ಚಾತ್ಯ ನಗರವಾಸಿಗಳದ್ದಕ್ಕಿಂತ ಬೇರೆಯಾಗಿರಲಿಲ್ಲ. 2012ರಲ್ಲಿ ಇದು ಪ್ರಕಟವಾದಾಗ ಹಲವರು ನಂಬಲಿಲ್ಲ. ದೇಹ ತನ್ನ ಬಜೆಟ್ಟನ್ನು ಹೆಚ್ಚು ಹಿಗ್ಗಲು ಬಿಡುವುದಿಲ್ಲ, ನಡಿಗೆಗೆ ಕೊಟ್ಟದ್ದನ್ನು ಒಳಗಿನ ಇನ್ನಾವುದೋ ಬಾಬ್ತಿನಲ್ಲಿ ಉಳಿಸಿಕೊಳ್ಳುತ್ತದೆ ಎಂದು ಪಾಂಟ್ಜರ್ 2016ರಲ್ಲಿ ವಾದ ಬೆಳೆಸಿದರು. 2021ರಲ್ಲಿ 1,754 ವಯಸ್ಕರ ಅಂಕಿಗಳಿಂದ, ಚಟುವಟಿಕೆಯಲ್ಲಿ ಹೆಚ್ಚು ಸುಟ್ಟದ್ದರಲ್ಲಿ ಸರಾಸರಿ ಶೇ 28ರಷ್ಟನ್ನು ದೇಹ ಹೀಗೆ ಹಿಂದಕ್ಕೆ ಪಡೆಯುತ್ತದೆ ಎಂದು ಇನ್ನೊಂದು ತಂಡ ಅಂದಾಜಿಸಿತು. ನಮ್ಮ 200 ಆಗ 144ಕ್ಕೆ ಇಳಿಯಿತು.

ಹಿಂದೆ ನೆನಪಿಡಿ ಎಂದಿದ್ದ ಅಸಮತೋಲನಕ್ಕೆ, ನಡಿಗೆ ಅಷ್ಟು ತೂಕ ಇಷ್ಟು ಎಂಬುದಕ್ಕೆ, ಈ ಪಂಥ ಕೊಡುವ ವಿವರಣೆ ಉಳಿದವರದ್ದಕ್ಕಿಂತ ಚೆನ್ನಾಗಿ ಕೂರುತ್ತದೆ. ಪಥ್ಯದ ಕಡೆಯಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಇದಕ್ಕೆ ಹತ್ತಿರದ್ದನ್ನೇ ಹೇಳಿದ್ದಾರೆ. ತೂಕ ಇಳಿಸುವ ಟಿ.ವಿ. ಸ್ಪರ್ಧೆಯ 14 ಮಂದಿಯನ್ನು ಆರು ವರ್ಷದ ಮೇಲೆ ಅಳೆದಾಗ, ಅವರ ವಿಶ್ರಾಂತ ಖರ್ಚು ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಉಳಿದಿತ್ತು. ವಿಶ್ನಾಫ್‌ಸ್ಕಿಯವರ 3,500 ನೇರಗೆರೆಯ ಲೆಕ್ಕ. ದೇಹ ಕಡಿಮೆಯಾದಂತೆಲ್ಲ ಆ ಗೆರೆ ಬಾಗುತ್ತದೆ ಎಂಬುದನ್ನು ಹಾಲ್ 2011ರಲ್ಲೇ ಗಣಿತದಲ್ಲಿ ತೋರಿಸಿದ್ದರು.

ತೂಕದ ಯಂತ್ರಕ್ಕೆ ಪಂಚಾಯಿತಿ ಬಿಟ್ಟವರು

ಈ ಜಗಳದಿಂದ ಬೇಸತ್ತವರದು ನಾಲ್ಕನೆಯ ದಾರಿ. ವಾಚಿನ ಕ್ಯಾಲೊರಿಯನ್ನು ಕೇಳಲೇ ಬೇಡಿ. ತಿಂದದ್ದನ್ನು ಬರೆಯಿರಿ, ದಿನವೂ ತೂಕ ನೋಡಿ, ಎರಡು-ಮೂರು ವಾರದ ಸರಾಸರಿ ತೆಗೆಯಿರಿ. 2,000 ಎಂದು ಬರೆದು ತೂಕ ನಿಂತಲ್ಲೇ ನಿಂತಿದ್ದರೆ, ನಿಮ್ಮ ಪಾಲಿಗೆ ಖರ್ಚು 2,000. ನೀವು ಬರೆದದ್ದೇ ತಪ್ಪಿದ್ದರೂ, ಸದಾ ಅದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಲೆಕ್ಕ ಕೆಡದು. ಮ್ಯಾಕ್ರೋಫ್ಯಾಕ್ಟರ್‌ನಂಥ ಆ್ಯಪ್ ನಡೆಯುವುದು ಈ ತತ್ವದ ಮೇಲೆ. ಜಾಣ ಉಪಾಯ. ಆದರೆ ಉಪ್ಪು, ತಿಂಗಳ ಮುಟ್ಟು, ಹಬ್ಬದ ಮರುದಿನ ಇವೆಲ್ಲ ಮೈಯ ನೀರನ್ನು ಏರಿಳಿಸಿ ತೂಕವನ್ನು ಒಂದೆರಡು ಕೆ.ಜಿ. ಕದಲಿಸುವುದರಿಂದ ತಾಳ್ಮೆ ಬೇಕು, ಮತ್ತು ಬಿಡದೆ ಬರೆಯುವ ಶಿಸ್ತು ಬೇಕು. ಆ ಶಿಸ್ತಿರುವವರಿಗೆ ಬಹುಶಃ ಯಾವ ಆ್ಯಪ್ ಆದರೂ ನಡೆದೀತು.

ಮನಸ್ಸಿನ ಕಡೆಯ ಆಕ್ಷೇಪ

ಈ ಎಲ್ಲರೂ ಕ್ಯಾಲೊರಿಯ ಬಗ್ಗೆ ಕಾದಾಡುತ್ತಿರುವಾಗ ಎಣಿಸುವ ಮನುಷ್ಯನ ಗತಿಯೇನು ಎಂದು ಕೇಳುವವರಿದ್ದಾರೆ. ಸಂಶೋಧಕಿ ಜೋರ್ಡನ್ ಎಟ್ಕಿನ್ 2016ರಲ್ಲಿ, ನಡಿಗೆಯಂಥ ಖುಷಿಯ ಕೆಲಸವನ್ನು ಅಳೆಯಲು ಶುರುಮಾಡಿದರೆ ಜನ ಹೆಚ್ಚು ಮಾಡುತ್ತಾರೆ, ಖುಷಿ ಕಡಿಮೆ ಪಡುತ್ತಾರೆ, ಅಳತೆ ನಿಂತ ಮೇಲೆ ಅಳೆಯದವರಿಗಿಂತ ಕಡಿಮೆ ಮಾಡುತ್ತಾರೆ ಎಂದು ತೋರಿಸಿದರು. ಸ್ಟ್ಯಾನ್‌ಫರ್ಡ್‌ನ ಇನ್ನೊಂದು ತಂಡ 2023ರಲ್ಲಿ ವಾಚು ತೋರಿಸುವ ಹೆಜ್ಜೆಯ ಸಂಖ್ಯೆಯನ್ನು ಬೇಕೆಂದೇ ತಗ್ಗಿಸಿತು. ನಡೆದದ್ದು ಅಷ್ಟೇ ಆದರೂ ಅದನ್ನು ಕಟ್ಟಿಕೊಂಡವರ ಮನಸ್ಸು ಕುಗ್ಗಿತು, ರಕ್ತದೊತ್ತಡ ಏರಿತು.

ಊಟದೊಡನೆ ಸಂಬಂಧವೇ ಕೆಟ್ಟುಹೋದವರಿಗೆ ಅಪಾಯ ಇನ್ನೂ ಹೆಚ್ಚು. ತಿನ್ನುವ ಕಾಯಿಲೆಗೆ (ಈಟಿಂಗ್ ಡಿಸಾರ್ಡರ್) ಚಿಕಿತ್ಸೆ ಪಡೆಯುತ್ತಿದ್ದವರನ್ನು 2017ರಲ್ಲಿ ಅಮೆರಿಕದಲ್ಲಿ ಕೇಳಿದಾಗ, ಕ್ಯಾಲೊರಿ ಆ್ಯಪ್ ಬಳಸಿದ್ದವರಲ್ಲಿ ಬಹುಪಾಲು ಮಂದಿ ತಮ್ಮ ಕಾಯಿಲೆಗೆ ಅದೂ ಒಂದು ಕಾರಣ ಎಂದರು. ಅಂಥ ತೊಂದರೆಯಿಲ್ಲದ ಕಾಲೇಜು ಹುಡುಗಿಯರಿಗೆ ಆ್ಯಪ್ ಕೊಟ್ಟು ಒಂದು ತಿಂಗಳು ನೋಡಿದ 2021ರ ಪ್ರಯೋಗದಲ್ಲಿ ಹಾನಿ ಕಾಣಲಿಲ್ಲ. ಜೋಡಣೆಯಲ್ಲೇ ಒಂದು ವಿಶೇಷ ಅಪಾಯವಿದೆ ಎಂದು ನನಗನಿಸುತ್ತದೆ: ಬರಿಯ ಆ್ಯಪ್ 'ಇಷ್ಟು ತಿಂದೆ' ಎನ್ನುತ್ತದೆ, ವಾಚು ಸೇರಿದ ಆ್ಯಪ್ 'ತಿನ್ನಬೇಕೆಂದರೆ ಮೊದಲು ದುಡಿ' ಎನ್ನತೊಡಗುತ್ತದೆ. ಹೋಳಿಗೆ ತಿಂದ ರಾತ್ರಿ ಹತ್ತಕ್ಕೆ ಹಾಲ್‌ನಲ್ಲೇ ಸುತ್ತು ಹೊಡೆದು ವಾಚಿನ ಗುರಿಯ ವೃತ್ತ ತುಂಬಿಸುವವರು ನಮ್ಮ ಅಪಾರ್ಟ್‌ಮೆಂಟುಗಳಲ್ಲೂ ಇದ್ದಾರೆ.

ಇತ್ಯರ್ಥವಾಗದೆ ಉಳಿದದ್ದು

ಪಾಂಟ್ಜರ್ ವಾದಕ್ಕೇ ಈಗ ತಕರಾರು ಬಂದಿದೆ. ವರ್ಜೀನಿಯಾ ಟೆಕ್‌ನವರು 2025ರಲ್ಲಿ, ಹೆಚ್ಚು ಓಡಾಡುವವರ ಒಟ್ಟು ಖರ್ಚು ಹೆಚ್ಚೇ ಇರುತ್ತದೆ, ದೇಹ ಕಡಿತ ಮಾಡಿದ ಗುರುತು ಸಿಗಲಿಲ್ಲ ಎಂದು ಪ್ರಕಟಿಸಿದರು. ಪಥ್ಯದಲ್ಲಿ ಇರುವವರಿಗೆ ಒಂದು ನ್ಯಾಯ, ಹೊಟ್ಟೆತುಂಬ ತಿನ್ನುವವರಿಗೆ ಇನ್ನೊಂದು ಇರಬಹುದೇ? ಕೆಲವೇ ವಾರದ ವ್ಯಾಯಾಮಕ್ಕೂ ಜೀವಮಾನದ ದುಡಿಮೆಗೂ ದೇಹ ಬೇರೆಬೇರೆಯಾಗಿ ವರ್ತಿಸಬಹುದೇ? ಆ ಶೇ 28 ಎಂಬ ಸರಾಸರಿಯ ಹಿಂದೆ ಮನುಷ್ಯರಿಂದ ಮನುಷ್ಯರಿಗೆ ಬಹಳ ಅಂತರವಿದೆ, ಯಾರು ಎಲ್ಲಿ ಬೀಳುತ್ತಾರೆಂದು ಹೇಳುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಮಾಡುವುದಿಲ್ಲ.

ಜಾಕಿಸಿಕ್ ಅವರ ಫಲಿತಾಂಶಕ್ಕೆ ಕಾರಣವೇನೆಂಬುದೂ ಬಗೆಹರಿದಿಲ್ಲ. ಸಾಧನ ಕಟ್ಟಿದವರು ನಡೆದ ಖುಷಿಗೆ ಹೆಚ್ಚು ತಿಂದರೇ, ಅಥವಾ ಸಾಧನದ ಮೇಲೆ ಭಾರ ಹಾಕಿ ತಾವು ಬರೆಯುವುದನ್ನು ಸಡಿಲ ಬಿಟ್ಟರೇ? ಮೊದಲನೆಯದಾದರೆ ವಾಚಿನ ಕ್ಯಾಲೊರಿಯನ್ನು ಆ್ಯಪಿನಿಂದ ಬಿಡಿಸಿದರೆ ಸಾಕು, ಹೆಜ್ಜೆ ಮಾತ್ರ ಉಳಿಸಿಕೊಳ್ಳಬಹುದು. ಎರಡನೆಯದಾದರೆ ವಾಚನ್ನೇ ಬಿಚ್ಚಬೇಕು. ಎರಡನ್ನೂ ಬೇರ್ಪಡಿಸಿ ಪರೀಕ್ಷಿಸುವುದು ಅಂಥ ದುಬಾರಿ ಕೆಲಸವೂ ಅಲ್ಲ.

ಫೋಟೊ ತೆಗೆದರೆ ತಟ್ಟೆಯ ಲೆಕ್ಕ ಹೇಳುವ ಕೃತಕ ಬುದ್ಧಿಮತ್ತೆ ಈಗ ಆ್ಯಪ್‌ಗಳೊಳಗೆ ಬಂದಿದೆ. ಇಡ್ಲಿಯನ್ನು ಅದು ಗುರುತಿಸುತ್ತದೆ, ಎರಡಿವೆ ಎಂದೂ ಎಣಿಸುತ್ತದೆ. ಪಲ್ಯದೊಳಗೆ ಸೇರಿಹೋದ ಎಣ್ಣೆಯನ್ನು ಕ್ಯಾಮೆರಾ ಕಾಣುವ ಬಗೆ ಮಾತ್ರ ಹೊಳೆದಿಲ್ಲ. ಹಸಿವನ್ನೇ ತಗ್ಗಿಸುವ ಚುಚ್ಚುಮದ್ದುಗಳು 2025ರಲ್ಲಿ ಭಾರತಕ್ಕೂ ಕಾಲಿಟ್ಟಿವೆ. ಅವನ್ನು ತೆಗೆದುಕೊಳ್ಳುವವರಿಗೆ ಆ್ಯಪಿನ ಕೆಲಸ 'ಹೆಚ್ಚು ತಿನ್ನಬೇಡ' ಎನ್ನುವುದಾಗಿರದೆ 'ಸಾಕಷ್ಟು ಪ್ರೋಟೀನ್ ತಿಂದೆಯಾ' ಎಂದು ಕೇಳುವುದಾಗಬಹುದು. ಹೆಜ್ಜೆಯ ಲೆಕ್ಕ ನೋಡಿ ಪ್ರೀಮಿಯಂ ರಿಯಾಯಿತಿ ಕೊಡುವ ವಿಮಾ ಯೋಜನೆಗಳೂ ನಮ್ಮಲ್ಲಿವೆ. ನಡೆಯದವನಿಂದ ನಾಳೆ ಹೆಚ್ಚು ವಸೂಲು ಮಾಡುವರೇ ಎಂಬುದಕ್ಕೆ ಯಾರೂ ಉತ್ತರಿಸಿಲ್ಲ.

ಇನ್ನು, ಇಲ್ಲಿ ಎಣಿಸಿದ ಅಧ್ಯಯನಗಳು ಹೆಚ್ಚಿನವು ಅಮೆರಿಕ, ಸಿಂಗಪುರ, ಆಸ್ಟ್ರೇಲಿಯಾಗಳವು. ನಮ್ಮ ಚರ್ಮದ ಬಣ್ಣ, ನಮ್ಮ ಸ್ನಾಯು-ಕೊಬ್ಬಿನ ಪ್ರಮಾಣ, ನೆಲದ ಮೇಲೆ ಕೂತು ಏಳುವ ನಮ್ಮ ಅಭ್ಯಾಸ, ಕೈಯಲ್ಲೇ ಮಾಡುವ ಮನೆಗೆಲಸ ಇವುಗಳ ಮೇಲೆ ವಾಚಿನ ಸೂತ್ರ ಎಷ್ಟು ತಪ್ಪುತ್ತದೆ ಎಂದು ಗುರುತಿಟ್ಟ ನೀರಿನ ವಿಧಾನದಿಂದ ದೊಡ್ಡ ಪ್ರಮಾಣದಲ್ಲಿ ಅಳೆಯಬೇಕಾಗಿದೆ. ಅದಕ್ಕೆ ಬೇಕಾದ ಯಂತ್ರವೂ ಪರಿಣತಿಯೂ ಬೆಂಗಳೂರಿನಲ್ಲೇ ಇವೆ. ಖರ್ಚು ಯಾರು ಹೊರಬೇಕು, ವಾಚು ಮಾರುವವರೋ ಸರ್ಕಾರವೋ, ಎಂಬುದು ತೀರ್ಮಾನವಾಗಬೇಕು.